ರುಚಿ ನೋಡುವವರ ಪಾಲು

ಆ ದಿನ ನಾನು ಅಳಿಸಿದ್ದು ಒಂದೇ ಒಂದು ಸಾಲು. ಮೆದುಳಿನ ಎಂಆರ್‌ಐ ಚಿತ್ರಗಳ ಮೇಲೆ ಸಂಶೋಧನೆ ನಡೆಸುವ ಬೆಂಗಳೂರಿನ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಅನುದಾನಕ್ಕೆ ಅರ್ಜಿ ಹಾಕುವ ಕೊನೆಯ ದಿನ. ಮೂರು ವರ್ಷದ ಯೋಜನೆಗೆ 40 ಲಕ್ಷಕ್ಕಿಂತ ಹೆಚ್ಚು ಕೇಳುವಂತಿರಲಿಲ್ಲ. ನಮ್ಮ ಪಟ್ಟಿಯ ಮೊತ್ತ 42 ಲಕ್ಷ 40 ಸಾವಿರಕ್ಕೆ ಹೋಗಿ ನಿಂತಿತ್ತು. ಪಟ್ಟಿಯನ್ನು ಮೇಲಿನಿಂದ ಕೆಳಕ್ಕೂ ಕೆಳಗಿನಿಂದ ಮೇಲಕ್ಕೂ ನೋಡಿದೆ. ಒಂದು ಸಾಲಿನಲ್ಲಿ ಹೀಗಿತ್ತು: ‘ದತ್ತಾಂಶ ಮತ್ತು ಕೋಡ್ ನಿರ್ವಹಣೆ, ಅರ್ಧ ವೇಳೆಯ ಸಹಾಯಕರು ಒಬ್ಬರು, ತಿಂಗಳಿಗೆ 20 ಸಾವಿರದಂತೆ 12 ತಿಂಗಳು.’ ಗುಣಿಸಿದರೆ ಸರಿಯಾಗಿ 2 ಲಕ್ಷ 40 ಸಾವಿರ. ಅಳಿಸಿದೆ. ಮೊತ್ತ ತಾನಾಗಿಯೇ 40 ಲಕ್ಷಕ್ಕೆ ಇಳಿಯಿತು. ಲ್ಯಾಬಿನ ಯಾರೂ ಆಕ್ಷೇಪಿಸಲಿಲ್ಲ. ಅರ್ಜಿಯನ್ನು ಪರಿಶೀಲಿಸಿದವರೂ ಆ ಸಾಲು ಯಾಕಿಲ್ಲ ಎಂದು ಕೇಳಲಿಲ್ಲ. ಅನುದಾನ ಬಂತು.

ಯಾವ ನಿಯಮವನ್ನೂ ಮುರಿಯದ, ಯಾರ ಕಣ್ಣಿಗೂ ಬೀಳದ ಈ ಕೆಲಸವನ್ನು ತಪ್ಪು ಎನ್ನಬಹುದೇ? ಕೆಲವು ವರ್ಷಗಳಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಮೇಲ್ನೋಟಕ್ಕೆ ಇದು ಲೆಕ್ಕಪತ್ರದ ವಿಷಯ, ಅದರಲ್ಲಿ ನೀತಿಯ ಮಾತೇನು ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು.

ಆ ಸಾಲು ಏನನ್ನು ಕೊಳ್ಳುತ್ತಿತ್ತು ಎಂಬುದನ್ನು ಮೊದಲು ಹೇಳಬೇಕು. ಮೆದುಳಿನ ಸ್ಕ್ಯಾನ್ ಎಂದರೆ ಕ್ಯಾಮೆರಾದಲ್ಲಿ ಫೋಟೋ ತೆಗೆದ ಹಾಗೆ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ನಾವು ಮಾಡುವ ಬಗೆಯ ಎಂಆರ್‌ಐಯಲ್ಲಿ ಯಂತ್ರ ಯೋಚನೆಯನ್ನು ಕಾಣುವುದಿಲ್ಲ. ಮೆದುಳಿನ ಒಂದು ಭಾಗ ಹೆಚ್ಚು ಕೆಲಸ ಮಾಡಿದಾಗ ಅಲ್ಲಿಗೆ ಆಮ್ಲಜನಕ ಹೊತ್ತ ರಕ್ತ ಹೆಚ್ಚು ಹರಿಯುತ್ತದೆ. ಆ ಸಣ್ಣ ವ್ಯತ್ಯಾಸವನ್ನು ಯಂತ್ರ ಎರಡು ಮೂರು ಸೆಕೆಂಡಿಗೊಮ್ಮೆ ಅಳೆಯುತ್ತದೆ. ಮೆದುಳನ್ನು ಎರಡು ಮೂರು ಮಿಲಿಮೀಟರಿನ ಕಾಳುಗಳಾಗಿ ಒಡೆದು, ಹತ್ತಾರು ಸಾವಿರ ಕಾಳುಗಳಿಗೂ ಒಂದೊಂದು ಸಂಖ್ಯೆ ಕೊಡುತ್ತದೆ. ಅಲ್ಲಿಂದ ಮುಂದೆ ಮನುಷ್ಯರ ಕೆಲಸ. ಮಲಗಿದವರು ತಲೆ ಅಲ್ಲಾಡಿಸಿದ್ದನ್ನು ಸರಿಪಡಿಸಬೇಕು, ಬೇರೆ ಬೇರೆ ಆಕಾರದ ತಲೆಗಳನ್ನು ಒಂದು ಅಚ್ಚಿಗೆ ಹೊಂದಿಸಬೇಕು, ಗದ್ದಲವನ್ನು ಸೋಸಬೇಕು, ಎಷ್ಟು ವ್ಯತ್ಯಾಸವಾದರೆ ‘ಇದೆ’ ಎನ್ನಬೇಕೆಂದು ಗೆರೆ ಎಳೆಯಬೇಕು. ಒಂದೊಂದು ಹೆಜ್ಜೆಗೂ ನಾಲ್ಕಾರು ದಾರಿ. ಪ್ರಬಂಧದಲ್ಲಿ ನೀವು ನೋಡುವ, ಕೆಂಪು ಹಳದಿ ಮಚ್ಚೆಯಿರುವ ಆ ಸುಂದರ ಚಿತ್ರ ಇಂಥ ನೂರಾರು ತೀರ್ಮಾನಗಳ ಕೊನೆಯಲ್ಲಿ ಹುಟ್ಟಿದ್ದು.

ಈ ತೀರ್ಮಾನಗಳು ಎಷ್ಟು ದೂರ ಒಯ್ಯಬಲ್ಲವು ಎಂಬುದಕ್ಕೆ ಒಳ್ಳೆಯ ಪುರಾವೆ ಇದೆ. 2009ರಲ್ಲಿ ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನೊಂದನ್ನು ಯಂತ್ರದಲ್ಲಿಟ್ಟು, ಅದಕ್ಕೆ ಮನುಷ್ಯರ ಫೋಟೋ ತೋರಿಸಿ, ಅದರ ಮೆದುಳಿನಲ್ಲೂ ‘ಚಟುವಟಿಕೆ’ಯನ್ನು ಕಂಡರು. ಸಾವಿರಾರು ಕಾಳುಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ ಕೆಲವು ಬರೀ ಆಕಸ್ಮಿಕವಾಗಿ ಪಾಸಾಗುತ್ತವೆ, ಅದಕ್ಕೆ ತಕ್ಕ ತಿದ್ದುಪಡಿ ಮಾಡದಿದ್ದರೆ ಸತ್ತ ಮೀನೂ ಯೋಚಿಸುತ್ತದೆ ಎಂದು ತೋರಿಸುವುದು ಅವರ ಉದ್ದೇಶ. ಆ ತಮಾಷೆಗೆ 2012ರಲ್ಲಿ ಇಗ್‌ನೊಬೆಲ್ ಬಹುಮಾನ ಬಂತು. ಅದೇ ವರ್ಷ ಮತ್ತೊಂದು ಗುಂಪು, ಮೆದುಳಿನ ಪದರದ ದಪ್ಪ ಅಳೆಯುವ ಒಂದೇ ಸಾಫ್ಟ್‌ವೇರ್ ಅದರ ಆವೃತ್ತಿ ಬದಲಾದರೆ, ಕಂಪ್ಯೂಟರ್ ಬದಲಾದರೆ ಬೇರೆ ಬೇರೆ ಅಳತೆ ಕೊಡುತ್ತದೆ ಎಂದು ತೋರಿಸಿತು. 2020ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಇನ್ನೂ ಗಂಭೀರ. 108 ಜನರ ಒಂದೇ ದತ್ತಾಂಶವನ್ನು 70 ತಂಡಗಳಿಗೆ ಕೊಟ್ಟು 9 ಊಹೆಗಳನ್ನು ಪರೀಕ್ಷಿಸಲು ಹೇಳಿದರು. ಯಾವ ಎರಡು ತಂಡಗಳೂ ಒಂದೇ ದಾರಿಯಲ್ಲಿ ನಡೆಯಲಿಲ್ಲ. ಸರಾಸರಿಯಲ್ಲಿ ಐದರಲ್ಲೊಂದು ತಂಡ ಬಹುಮತಕ್ಕಿಂತ ಬೇರೆಯದೇ ಉತ್ತರ ಕೊಟ್ಟಿತ್ತು. ಯಾರೂ ಮೋಸ ಮಾಡಿರಲಿಲ್ಲ. ಎಲ್ಲರೂ ಬಲ್ಲವರೇ.

ಅಂದಮೇಲೆ ಉತ್ತರವನ್ನಷ್ಟೇ ಹೇಳಿದರೆ ಸಾಲದು, ನಡೆದ ದಾರಿಯನ್ನೂ ಇಡಬೇಕು. ಯಾವ ಕಡತ ಎಲ್ಲಿದೆ, ಯಾರ ಸ್ಕ್ಯಾನನ್ನು ಯಾಕೆ ಕೈಬಿಟ್ಟೆವು, ಯಾವ ಆವೃತ್ತಿಯ ಸಾಫ್ಟ್‌ವೇರ್, ಯಾವ ಕೋಡ್. ಇನ್ನೊಬ್ಬರು ಬಂದು ಅದೇ ದತ್ತಾಂಶದಿಂದ ಅದೇ ಸಂಖ್ಯೆಯನ್ನು ತೆಗೆಯುವಂತಿರಬೇಕು. ಇದನ್ನೆಲ್ಲ ಬರೆದಿಡಲು ಬೇಕಾದ ಡಿಸ್ಕು ಅಗ್ಗ, ಸಾಫ್ಟ್‌ವೇರ್ ಬಹುಪಾಲು ಉಚಿತ. ದುಬಾರಿಯಾದದ್ದು ಮನುಷ್ಯರ ಸಮಯ. ನಾನು ಅಳಿಸಿದ ಸಾಲು ಆ ಸಮಯದ ಬೆಲೆ.

ಮುಂದೆ ಏನಾಯಿತೆಂದರೆ, ಪ್ರಬಂಧ ಪ್ರಕಟವಾಗಿ ಒಂದು ವರ್ಷದ ಮೇಲೆ ಬೇರೆ ಊರಿನ ವಿದ್ಯಾರ್ಥಿನಿಯೊಬ್ಬಳ ಮಿಂಚಂಚೆ ಬಂತು. ನಿಮ್ಮ ಮೂರನೆಯ ಚಿತ್ರದ ಸಂಖ್ಯೆ ಹೇಗೆ ಬಂತೆಂದು ತಿಳಿಸುವಿರಾ ಎಂದು ವಿನಯದಿಂದ ಕೇಳಿದ್ದಳು. ಒಂದು ಗಂಟೆಯಲ್ಲಿ ಉತ್ತರಿಸಬಹುದು ಅಂದುಕೊಂಡೆ. ವಿಶ್ಲೇಷಣೆ ಮಾಡಿದ್ದವರು ಪಿಎಚ್‌ಡಿ ಮುಗಿಸಿ ಹೊರದೇಶಕ್ಕೆ ಹೋಗಿಯಾಗಿತ್ತು. ಅವರು ಬಿಟ್ಟುಹೋದ ಡಿಸ್ಕಿನಲ್ಲಿ ‘ಫೈನಲ್’, ‘ಫೈನಲ್ 2’, ‘ನಿಜವಾದ ಫೈನಲ್’ ಎಂಬ ಮೂರು ಕಡತಗಳಿದ್ದವು. 60 ಜನರಲ್ಲಿ ತಲೆ ಹೆಚ್ಚು ಅಲ್ಲಾಡಿಸಿದವರನ್ನು ಬಿಟ್ಟ ಪಟ್ಟಿಗಳು ಎರಡು. ಒಂದರಲ್ಲಿ 7 ಜನರನ್ನು ಬಿಡಲಾಗಿತ್ತು, ಇನ್ನೊಂದರಲ್ಲಿ 11. ಪ್ರಬಂಧದಲ್ಲಿದ್ದದ್ದು ಯಾವ ಪಟ್ಟಿಯ ಫಲ? ಯಾರಿಗೂ ಗೊತ್ತಿರಲಿಲ್ಲ.

ಅದನ್ನು ಹುಡುಕುವ ಕೆಲಸ ಲ್ಯಾಬಿಗೆ ಹೊಸದಾಗಿ ಸೇರಿದ್ದ ಹುಡುಗಿಯ ತಲೆಗೆ ಬಿತ್ತು. ಹನ್ನೊಂದು ವಾರ ತನ್ನ ಕೆಲಸ ಬಿಟ್ಟು, ತಾನು ಮಾಡದ ತಪ್ಪಿನ ಜಾಡು ಹಿಡಿದು ಆಕೆ ಕೂತಳು. ಕೊನೆಗೆ ತಿಳಿದದ್ದು ಇಷ್ಟು: ಮೆದುಳಿನ ಎರಡು ಭಾಗಗಳಲ್ಲಿ ವ್ಯತ್ಯಾಸವಿದೆ ಎಂದು ನಾವು ಬರೆದಿದ್ದೆವು. ಒಂದು ಯಾವ ಪಟ್ಟಿಯಿಂದ ನೋಡಿದರೂ ಉಳಿಯುತ್ತಿತ್ತು. ಇನ್ನೊಂದು ಒಂದೇ ಪಟ್ಟಿಯಲ್ಲಿ ಕಾಣುತ್ತಿತ್ತು. ಪತ್ರಿಕೆಗೆ ತಿದ್ದುಪಡಿ ಕಳಿಸಿದೆವು. ಕೇಳಿದ ವಿದ್ಯಾರ್ಥಿನಿಗೆ ವಂದನೆ ಹೇಳಿದೆವು.

2 ಲಕ್ಷ 40 ಸಾವಿರ ಉಳಿಸಿದೆ ಎಂದುಕೊಂಡಿದ್ದೆನಲ್ಲ, ಅದು ಉಳಿದಿರಲಿಲ್ಲ. ಪಟ್ಟಿಯಿಂದ ತೆಗೆದ ಖರ್ಚನ್ನು ಲ್ಯಾಬಿನಲ್ಲಿ ಎಲ್ಲರಿಗಿಂತ ಕಿರಿಯಳಾದ, ಇಲ್ಲ ಎನ್ನಲಾರದ ಹುಡುಗಿ ತನ್ನ ಆಯುಷ್ಯದ ಹನ್ನೊಂದು ವಾರದಲ್ಲಿ ತೀರಿಸಿದ್ದಳು. ಇನ್ನೊಂದನ್ನೂ ಇಲ್ಲೇ ಒಪ್ಪಿಕೊಳ್ಳಬೇಕು. ಅದೇ ಪಟ್ಟಿಯಲ್ಲಿ ವಿದೇಶದ ಸಮ್ಮೇಳನಕ್ಕೆಂದು 2 ಲಕ್ಷ 50 ಸಾವಿರವೂ ಇತ್ತು. ಆ ಸಾಲಿನ ಮೇಲೆ ನನ್ನ ಕೈ ಹೋಗಿರಲಿಲ್ಲ.

ಆ 60 ಜನರಲ್ಲಿ ಒಬ್ಬಳು ನನ್ನ ಸೋದರತ್ತೆ. ಅಂಕೋಲೆಯ ಹತ್ತಿರದ ಹಳ್ಳಿಯವಳು. ಊರಿನ ಶಾಲೆಯಲ್ಲಿ ಹದಿನಾಲ್ಕು ವರ್ಷ ಬಿಸಿಯೂಟ ಬೇಯಿಸಿ ಬಿಟ್ಟವಳು. ನಮ್ಮ ಅಧ್ಯಯನಕ್ಕೆ ಅರವತ್ತು ದಾಟಿದ, ಕಾಯಿಲೆಯಿಲ್ಲದ ಜನ ಬೇಕಾಗಿದ್ದಾಗ, ಮದುವೆಗೆಂದು ರಾತ್ರಿಯ ಪಂಚಗಂಗಾ ರೈಲಿನಲ್ಲಿ ಬೆಂಗಳೂರಿಗೆ ಬಂದಿದ್ದಳು. ವಿಷಯ ಕೇಳಿ ತಾನೇ ಬರುತ್ತೇನೆ ಅಂದಳು. ಸಮ್ಮತಿ ಪತ್ರವನ್ನು ಬೇರೊಬ್ಬರು ಓದಿ ವಿವರಿಸಿದರು, ಸಹಿ ಮಾಡಿದಳು. ಕಿವಿಯ ಓಲೆ, ಕರಿಮಣಿ ಎಲ್ಲ ಬಿಚ್ಚಿಟ್ಟು ಐವತ್ತು ನಿಮಿಷ ಆ ಗದ್ದಲದ ಕೊಳವೆಯೊಳಗೆ ಅಲ್ಲಾಡದೆ ಮಲಗಿದಳು. ಆಮೇಲೆ ಕೇಳಿದ್ದು ಒಂದೇ ಮಾತು: “ಇದ್ರಿಂದ ಯಾರಿಗಾದ್ರೂ ಉಪಯೋಗ ಆಗ್ತದಲ್ಲ ತಮಾ?” ಆಗ್ತದೆ ಎಂದಿದ್ದೆ.

ತಿದ್ದುಪಡಿ ಕಳಿಸಿದ ಮೇಲೆ ಊರಿಗೆ ಹೋದಾಗ ಇದನ್ನೆಲ್ಲ ಅವಳಿಗೆ ಹೇಳಿದೆ. ಹೇಳದಿದ್ದರೂ ನಡೆಯುತ್ತಿತ್ತು, ಆದರೆ ‘ಆಗ್ತದೆ’ ಎಂದದ್ದು ನಾನೇ ಅಲ್ಲವೇ? ಜಗುಲಿಯ ಮೇಲೆ ಕೂತು ಬಸಳೆ ಬಿಡಿಸುತ್ತ ಎಲ್ಲ ಕೇಳಿಸಿಕೊಂಡಳು. ಎರಡು ಪಟ್ಟಿಯ ಕತೆ ಬಂದಾಗ ತಲೆ ಎತ್ತಿದಳು. “ನಂದು ಯಾವ ಪಟ್ಟೀಲಿತ್ತು? ಇಟ್ಟದ್ರಲ್ಲೋ, ಬಿಟ್ಟದ್ರಲ್ಲೋ?”

ಯಾರ ಸ್ಕ್ಯಾನ್ ಯಾವುದೆಂದು ನನಗೂ ತಿಳಿಯಬಾರದೆಂಬ ನಿಯಮವಿದೆ, ಹೆಸರಿನ ಬದಲು ಸಂಖ್ಯೆ ಹಾಕಿರುತ್ತಾರೆ ಎಂದು ವಿವರಿಸಿದೆ. ಅದು ನಿಜವೂ ಹೌದು. ಆದರೆ ಅವಳ ಪ್ರಶ್ನೆ ಆ ನಿಯಮವನ್ನು ದಾಟಿ ನಿಂತಿತ್ತು. ಅವಳ ಸಂಖ್ಯೆ ಗೊತ್ತಿದ್ದರೂ ಹನ್ನೊಂದು ವಾರ ನಾನು ಉತ್ತರ ಕೊಡಲಾಗುತ್ತಿರಲಿಲ್ಲ. ಒಬ್ಬ ಮನುಷ್ಯಳು ನಂಬಿ ಕೊಟ್ಟ ಐವತ್ತು ನಿಮಿಷವನ್ನು ಲೆಕ್ಕಕ್ಕೆ ಹಿಡಿದೆವೋ ಬಿಟ್ಟೆವೋ ಎಂಬುದು ನಮಗೇ ತಿಳಿದಿರಲಿಲ್ಲ. ನಾನು ಅಳಿಸಿದ ಸಾಲಿನಲ್ಲಿ ನೀತಿಯ ಪ್ರಶ್ನೆ ಇದೆ ಎಂದು ನನಗೆ ಮನದಟ್ಟಾದದ್ದು ಅಲ್ಲಿ, ಆ ಜಗುಲಿಯ ಮೇಲೆ.

ಹೀಗೆ ಎಲ್ಲವನ್ನೂ ಇನ್ನೊಬ್ಬರು ಪರೀಕ್ಷಿಸುವಂತೆ ಇಡಬೇಕೆಂದರೆ ನಮ್ಮ ಮೇಲೆ ನಂಬಿಕೆ ಇಲ್ಲವೆಂದಲ್ಲವೇ ಎಂದು ಲ್ಯಾಬಿನಲ್ಲಿ ಹಲವರು ಬೇಸರಪಡುತ್ತಾರೆ ಎಂದೆ. ಅವಳಿಗೆ ನಗು ಬಂತು. ಬಿಸಿಯೂಟದ ಪದ್ಧತಿ ಗೊತ್ತಿದ್ದವರಿಗೆ ಗೊತ್ತು: ಮಕ್ಕಳಿಗೆ ಬಡಿಸುವ ಮುನ್ನ ಶಿಕ್ಷಕರೊಬ್ಬರು ಉಂಡು ರುಚಿ ನೋಡಬೇಕು, ನೋಡಿದ್ದನ್ನು ಪುಸ್ತಕದಲ್ಲಿ ಬರೆಯಬೇಕು. 2013ರಲ್ಲಿ ಬಿಹಾರದ ಶಾಲೆಯೊಂದರಲ್ಲಿ ವಿಷ ಬೆರೆತ ಬಿಸಿಯೂಟ ಉಂಡು 23 ಮಕ್ಕಳು ಸತ್ತ ಮೇಲೆ ಈ ನಿಯಮದ ಮೇಲೆ ಇನ್ನಷ್ಟು ಒತ್ತು ಬಂತು. “ಮಾಸ್ತರು ರುಚಿ ನೋಡಿದ್ರೆ ನಂಗೆಂತ ಬೇಜಾರು? ಮಕ್ಕಳ ಹೊಟ್ಟೆ ಅದು” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ಆದ್ರೆ ಅವ್ರ ತುತ್ತನ್ನೂ ಲೆಕ್ಕ ಹಾಕೇ ಅಕ್ಕಿ ಅಳೀತಿದ್ದೆ. ಅದನ್ನ ಬಿಟ್ರೆ ಪಂಕ್ತೀಲಿ ಕಡೇಗೆ ಕೂತ ಹುಡುಗಂಗೆ ಕಮ್ಮಿ ಬೀಳ್ತದೆ” ಎಂದಳು.

ನಾನು ಓದಿದ ಯಾವ ಮಾರ್ಗಸೂಚಿಯಲ್ಲೂ ಇಷ್ಟು ಸ್ಪಷ್ಟವಾದ ಮಾತು ಇರಲಿಲ್ಲ. ಪ್ರಾಥಮಿಕ ಶಾಲೆಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ಹಿರಿಯ ಪ್ರಾಥಮಿಕದ ಮಗುವಿಗೆ 150 ಗ್ರಾಂ ಎಂದು ಸರ್ಕಾರದ ಲೆಕ್ಕವಿದೆ. ರುಚಿ ನೋಡುವ ತುತ್ತು ಎಲ್ಲಿಂದ ಬರಬೇಕು? ಮೊದಲೇ ಅಳೆದಿಡದಿದ್ದರೆ ಅದು ಯಾರದೋ ತಟ್ಟೆಯಿಂದಲೇ ಬರುತ್ತದೆ, ಮತ್ತು ಸಾಮಾನ್ಯವಾಗಿ ಕೊನೆಗೆ ಕೂತವನ ತಟ್ಟೆಯಿಂದ. ಪರಿಶೀಲನೆಯ ಖರ್ಚನ್ನು ಬಜೆಟ್ಟಿನಲ್ಲಿ ಬರೆಯದಿದ್ದರೆ ಆ ಖರ್ಚು ಇಲ್ಲವಾಗುವುದಿಲ್ಲ. ಒಂದೋ ಅದನ್ನು ಬಲಹೀನರು ತೀರಿಸುತ್ತಾರೆ, ಇಲ್ಲವೇ ಪರಿಶೀಲನೆಯೇ ನಡೆಯದೆ ಎಲ್ಲರೂ ರುಚಿ ನೋಡದ ಅನ್ನವನ್ನು ಉಣ್ಣುತ್ತಾರೆ.

ಇಷ್ಟು ಹೇಳಿ ಮುಗಿಸಿದರೆ ಎದುರು ವಾದಗಳಿಗೆ ಅನ್ಯಾಯ ಮಾಡಿದಂತೆ. ಅವುಗಳಲ್ಲಿ ಮೂರು ನನ್ನನ್ನು ನಿಜವಾಗಿ ಕಾಡಿದವು.

ಮೊದಲನೆಯದು ಬಡತನದ ವಾದ. ಉತ್ತರ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೆದ್ದಾರಿಯಲ್ಲಿ ಅಪಘಾತವಾದರೆ, ತಲೆಗೆ ಪೆಟ್ಟಾದರೆ ಮಣಿಪಾಲಕ್ಕೋ ಗೋವಾಕ್ಕೋ ಹುಬ್ಬಳ್ಳಿಗೋ ಓಡಬೇಕಾದ ಜಿಲ್ಲೆ ಇದು. ಸುಸಜ್ಜಿತ ಆಸ್ಪತ್ರೆ ಬೇಕೆಂದು ಜನ ವರ್ಷಗಟ್ಟಲೆ ಕೂಗಿದ್ದಾರೆ. ಇಂಥ ಕಡೆ ಇರುವ ಹಣವನ್ನು ಕಡತಗಳಿಗೆ ಹೆಸರಿಡಲು, ನಕಲು ಮಾಡಿಡಲು ಸುರಿಯುವುದು ಶೋಕಿಯಲ್ಲವೇ? ಆಸ್ಪತ್ರೆಯೋ ಸಂಶೋಧನೆಯೋ ಎಂಬುದೇ ಪ್ರಶ್ನೆಯಾದರೆ ನಾನು ಆಸ್ಪತ್ರೆ ಎನ್ನುತ್ತೇನೆ. ಆದರೆ ಬಜೆಟ್ ಪಟ್ಟಿಯ ಮುಂದೆ ಕೂತವನ ಎದುರು ಇರುವ ಆಯ್ಕೆ ಅದಲ್ಲ. ಸಂಶೋಧನೆಗೆಂದು ಬಂದ ಹಣದಲ್ಲಿ ನಂಬಬಹುದಾದದ್ದನ್ನು ಮಾಡಬೇಕೋ, ನಂಬಲಾಗದ್ದನ್ನು ಮಾಡಬೇಕೋ ಎಂಬುದಷ್ಟೇ ಆಯ್ಕೆ. ಇಂಥ ಜಿಲ್ಲೆಯ ಹಳ್ಳಿಯವಳು ಆರೋಗ್ಯವಾಗಿದ್ದೂ ಎಂಆರ್‌ಐ ಯಂತ್ರದೊಳಗೆ ಮಲಗಿ ತನ್ನ ಹೊತ್ತನ್ನು ಕೊಟ್ಟಾಗ, ಅದನ್ನು ಕಳೆದುಹಾಕುವುದು ಇನ್ನೂ ದೊಡ್ಡ ತಪ್ಪಲ್ಲವೇ?

ಈ ವಾದಕ್ಕೆ ಇನ್ನೊಂದು ಮುಖವಿದೆ, ಅದು ಹೆಚ್ಚು ಕಠಿಣ. ಒಂದು ಸ್ಕ್ಯಾನಿಗೆ 8 ಸಾವಿರ ಎಂದು ಹಿಡಿದರೆ 2 ಲಕ್ಷ 40 ಸಾವಿರದಲ್ಲಿ ಇನ್ನೂ 30 ಜನರನ್ನು ಸ್ಕ್ಯಾನ್ ಮಾಡಬಹುದು. ಜನ ಕಡಿಮೆಯಾದಷ್ಟೂ ಫಲಿತಾಂಶ ಅಲುಗಾಡುತ್ತದೆ ಎಂಬುದೂ ಸತ್ಯವೇ. ಸಣ್ಣ ಅಧ್ಯಯನಗಳು ಇಲ್ಲದ್ದನ್ನು ಕಾಣುತ್ತವೆ, ಕಂಡದ್ದನ್ನು ಹಿಗ್ಗಿಸಿ ತೋರಿಸುತ್ತವೆ ಎಂದು 2013ರಿಂದ ಈ ಕ್ಷೇತ್ರದಲ್ಲಿ ಜೋರಾಗಿ ಚರ್ಚೆಯಾಗಿದೆ. ಹಾಗಾದರೆ ಲೆಕ್ಕ ಇಡದ 90 ಜನರೋ, ಲೆಕ್ಕ ಇಟ್ಟ 60 ಜನರೋ? ಸಮ್ಮೇಳನದ ಹಣವನ್ನು ಕಡಿಯಬಹುದಿತ್ತು ಎಂದು ನಾನು ಆಗಲೇ ಒಪ್ಪಿದ್ದೇನೆ. ಅಂಥ ಸಾಲು ಇಲ್ಲದ ಪಟ್ಟಿಯೂ ಇರುತ್ತದೆ.

ನನಗೆ ತೋಚಿದ ಉತ್ತರ ಇದು. 2022ರಲ್ಲಿ ‘ನೇಚರ್’ನಲ್ಲೇ ಬಂದ ಮತ್ತೊಂದು ಅಧ್ಯಯನದ ಪ್ರಕಾರ, ಮೆದುಳಿನ ರಚನೆಗೂ ಮನುಷ್ಯರ ವರ್ತನೆ, ಸಾಮರ್ಥ್ಯಗಳಿಗೂ ಇರುವ ಸಂಬಂಧವನ್ನು ಜನರಿಂದ ಜನರಿಗೆ ಹೋಲಿಸಿ ದೃಢವಾಗಿ ಹೇಳಲು ಸಾವಿರಾರು ಜನರ ಸ್ಕ್ಯಾನ್ ಬೇಕು. ಎಲ್ಲ ಪ್ರಶ್ನೆಗಳಿಗೂ ಅಷ್ಟು ಬೇಡ, ಆದರೆ ಅಂಥ ಪ್ರಶ್ನೆಗೆ 60 ಆದರೂ ಸಾಲದು, 90 ಆದರೂ ಸಾಲದು. ನಮ್ಮಂಥ ಒಂದು ಲ್ಯಾಬ್ ಆ ಸಂಖ್ಯೆಯನ್ನು ಎಂದೂ ಒಂಟಿಯಾಗಿ ಮುಟ್ಟಲಾರದು. ಮುಟ್ಟುವ ದಾರಿ ಒಂದೇ, ಇತರರೊಂದಿಗೆ ಕೂಡುವುದು. 2010ರಲ್ಲಿ ಭರತ್ ಬಿಸ್ವಾಲ್ ಮತ್ತು ಸಂಗಡಿಗರು ಹಾಗೆ 35 ಕೇಂದ್ರಗಳ 1,414 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ಎಲ್ಲರಿಗೂ ತೆರೆದಿಟ್ಟರು. ಒಂದೊಂದು ಕೇಂದ್ರದ ಪಾಲು ಸಣ್ಣದೇ. ಆದರೆ ಕೂಡಬೇಕಾದರೆ ನಮ್ಮ ಕಡತ ಇನ್ನೊಬ್ಬರಿಗೆ ಅರ್ಥವಾಗಬೇಕು. ದೊಡ್ಡ ಲ್ಯಾಬ್ ಲೆಕ್ಕ ತಪ್ಪಿದರೂ ಮತ್ತೆ ಸಾವಿರ ಜನರನ್ನು ಸ್ಕ್ಯಾನ್ ಮಾಡೀತು. ಸಣ್ಣ ಲ್ಯಾಬಿಗೆ ಇರುವ ಆಸ್ತಿ ಆ 60 ಕಡತಗಳೇ. ಆದ್ದರಿಂದ ಬಡವರಿಗೇ ಲೆಕ್ಕದ ಪುಸ್ತಕ ಹೆಚ್ಚು ಬೇಕು.

ಎರಡನೆಯ ವಾದ ಮರ್ಯಾದೆಯದು. ಎಲ್ಲವನ್ನೂ ತೆರೆದಿಟ್ಟರೆ ಮಲಗಿದವರ ಗುಟ್ಟು ಏನಾಗಬೇಕು? ಇದು ಬರೀ ಭಯವಲ್ಲ. 2019ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನವರು 84 ಜನರ ಎಂಆರ್‌ಐಯಿಂದ ಮುಖಗಳನ್ನು ಮರುರೂಪಿಸಿ, ಮುಖ ಗುರುತಿಸುವ ಸಾಮಾನ್ಯ ಸಾಫ್ಟ್‌ವೇರಿಗೆ ಕೊಟ್ಟು ನೋಡಿದರು. ಅದು 70 ಜನರ ಫೋಟೋಗಳನ್ನು ಸರಿಯಾಗಿ ಹೊಂದಿಸಿತು. ತಲೆಯ ಸ್ಕ್ಯಾನ್ ಎಂದರೆ ಮುಖವೂ ಹೌದು. ಹಾಗಾಗಿ ಕಡತದಿಂದ ಮುಖದ ಭಾಗವನ್ನು ತೆಗೆಯಬೇಕು, ತೆಗೆದದ್ದು ಸರಿಯಾಗಿದೆಯೇ ಎಂದು ಒಬ್ಬೊಬ್ಬರದನ್ನೂ ಕಣ್ಣಿಂದ ನೋಡಬೇಕು, ಸಮ್ಮತಿ ಪತ್ರದಲ್ಲಿ ಹಂಚಿಕೊಳ್ಳುವ ಮಾತನ್ನು ಸರಳ ಕನ್ನಡದಲ್ಲಿ ಬರೆಯಬೇಕು, ಯಾರಿಗೆ ಕೊಡಬಹುದು ಎಂಬ ಕರಾರು ಬೇಕು. ಬಾಗಿಲು ತೆರೆಯುವುದಕ್ಕೂ ಬಾಗಿಲು ಕಾಯುವುದಕ್ಕೂ ಬೇಕಾದದ್ದು ಅದೇ ಮನುಷ್ಯರ ಸಮಯ. ಆ ಸಾಲನ್ನು ಅಳಿಸಿದಾಗ ನಾನು ಎರಡನ್ನೂ ಒಟ್ಟಿಗೆ ಅಳಿಸಿದ್ದೆ.

ಮೂರನೆಯದು ನ್ಯಾಯದ ವಾದ. ನಾವು ಬೆಳೆದು ಕೊಡುವುದು, ದೊಡ್ಡ ದೇಶದವರು ಅಡುಗೆ ಮಾಡಿ ಹೆಸರು ತೆಗೆದುಕೊಳ್ಳುವುದು, ಇದೇ ಅಲ್ಲವೇ ನಡೆಯುವುದು? ನಡೆಯುತ್ತದೆ. ಆದರೆ ಲೆಕ್ಕವಿಲ್ಲದವನಿಗೆ ಚೌಕಾಶಿ ಮಾಡುವ ಬಲವೂ ಇರುವುದಿಲ್ಲ. ತನ್ನ ದತ್ತಾಂಶ ಏನು, ಹೇಗೆ ಬಂತು, ಎಲ್ಲಿ ಅದರ ದೋಷವಿದೆ ಎಂದು ಬಲ್ಲವನು ಸಮಾನನಾಗಿ ಕೂತು ಮಾತಾಡಬಹುದು. ಬಲ್ಲದವನು ಸರಕು ಸಾಗಿಸುವವನಾಗಿ ಉಳಿಯುತ್ತಾನೆ.

ಊರಿಂದ ಹೊರಟವನು ಅಂಕೋಲೆಯಿಂದ ಕಾರವಾರಕ್ಕೆ ಹೋಗಿ ಒಂದು ಸಂಜೆ ಬೈತಖೋಲ್ ಬಂದರಿನ ಕಡೆ ನಿಂತಿದ್ದೆ. ಉಬ್ಬರ ಏರುವ ಹೊತ್ತು. ಈ ಊರಿನ ನೀರಿಗೂ ಲೆಕ್ಕದ ಪುಸ್ತಕವೊಂದಿತ್ತು. ಸರ್ವೇ ಆಫ್ ಇಂಡಿಯಾ 1870ರ ದಶಕದಲ್ಲಿ ದೇಶದ ಬಂದರುಗಳಲ್ಲಿ ಉಬ್ಬರವಿಳಿತ ಅಳೆಯುವ ಕೇಂದ್ರಗಳನ್ನು ತೆರೆದಾಗ ಕಾರವಾರದಲ್ಲೂ 1878ರಿಂದ 1883ರವರೆಗೆ ಅಳತೆ ನಡೆಯಿತು. ನೀರಿನ ಮೇಲೆ ತೇಲುವ ಬುರುಡೆ ಏರಿಳಿದಂತೆ, ಗಡಿಯಾರ ತಿರುಗಿಸುವ ಉರುಳೆಗೆ ಸುತ್ತಿದ ಕಾಗದದ ಮೇಲೆ ಪೆನ್ಸಿಲ್ ಗೆರೆ ಎಳೆಯುತ್ತಿತ್ತು. ಯಂತ್ರವೇ ಬರೆಯುತ್ತದಲ್ಲ ಎಂದು ಬಿಡುವಂತಿರಲಿಲ್ಲ. ಗಡಿಯಾರ ಸರಿಯಿದೆಯೇ, ಶೂನ್ಯದ ಗುರುತು ಸರಿದಿದೆಯೇ ಎಂದು ಗುಮಾಸ್ತರು ಮತ್ತೆ ಮತ್ತೆ ನೋಡಬೇಕು. ಯಂತ್ರದ ಸೊನ್ನೆಯನ್ನು ದಡದ ಮೇಲಿನ ಗಟ್ಟಿ ಕಲ್ಲಿನ ಗುರುತಿಗೆ ಮಟ್ಟ ಹಿಡಿದು ಜೋಡಿಸಬೇಕು. ಇಲ್ಲದಿದ್ದರೆ ಮುಂದೆ ಬರುವವನಿಗೆ ‘ಇಷ್ಟು ಅಡಿ’ ಎಂದರೆ ಎಲ್ಲಿಂದ ಇಷ್ಟು ಅಡಿ ಎಂದು ತಿಳಿಯುವುದಿಲ್ಲ. ಈ ಕೆಲಸವನ್ನು ನಡೆಸಿದ ಬೇರ್ಡ್ ಎಂಬ ಅಧಿಕಾರಿ ಇದನ್ನೆಲ್ಲ ಹೇಗೆ ಮಾಡಬೇಕೆಂದು 1886ರಲ್ಲಿ ಒಂದು ಕೈಪಿಡಿಯನ್ನೇ ಪ್ರಕಟಿಸಿದ.

ಇದು ದಾನಧರ್ಮವೇನಲ್ಲ. ಸಾಮ್ರಾಜ್ಯದ ಹಡಗುಗಳಿಗೆ ಉಬ್ಬರದ ವೇಳಾಪಟ್ಟಿ ಬೇಕಿತ್ತು, ಮಾಡಿದರು. ಆದರೆ ಅದೇ ಏರ್ಪಾಡಿನ ಪೂರ್ವ ಕರಾವಳಿಯ ಕೇಂದ್ರಗಳಿಗೆ ಏನಾಯಿತೆಂಬುದು ಗಮನಿಸಬೇಕಾದದ್ದು. 1881ರ ಡಿಸೆಂಬರ್ 31ರಂದು ಕಾರ್ ನಿಕೋಬಾರ್ ಬಳಿ ಸಮುದ್ರದಡಿ ಭೂಕಂಪವಾಗಿ ಬಂಗಾಳ ಕೊಲ್ಲಿಯ ಅಳತೆಯ ಕಾಗದಗಳಲ್ಲಿ ಸುನಾಮಿಯ ಅಲೆ ದಾಖಲಾಯಿತು. 122 ವರ್ಷಗಳ ಮೇಲೆ, 2003ರಲ್ಲಿ, ಆರ್ಟಿಜ್ ಮತ್ತು ಬಿಲ್ಹಾಮ್ ಎಂಬ ಇಬ್ಬರು ವಿಜ್ಞಾನಿಗಳು ಆ ಗೆರೆಗಳನ್ನು ಆಧರಿಸಿ ಆ ಭೂಕಂಪದ ತೀವ್ರತೆ 7.9 ಇದ್ದಿರಬೇಕೆಂದು ಲೆಕ್ಕ ಹಾಕಿದರು. ಮರುವರ್ಷ ಅದೇ ಸಮುದ್ರದಲ್ಲಿ ಏನಾಯಿತೆಂದು ನಮಗೆಲ್ಲ ನೆನಪಿದೆ. ಹಳೆಯ ಗುಮಾಸ್ತನಿಗೆ ತನ್ನ ಕಾಗದ ಇಂಥ ಕೆಲಸಕ್ಕೆ ಬರುತ್ತದೆಂದು ಗೊತ್ತಿರಲು ಸಾಧ್ಯವಿರಲಿಲ್ಲ. ಗಡಿಯಾರ ನೋಡುವುದು ಅವನ ಸಂಬಳದ ಕೆಲಸವಾಗಿತ್ತು, ನೋಡಿದ. ಅವನ ಒಳ್ಳೆಯತನದ ಮೇಲೆ ಆ ಕೆಲಸವನ್ನು ಬಿಟ್ಟಿರಲಿಲ್ಲ. ಅದಕ್ಕೊಂದು ಸಾಲು ಇತ್ತು, ಸಂಬಳವಿತ್ತು.

ಪ್ರಾಮಾಣಿಕತೆಯನ್ನು ನಾವು ಮನಸ್ಸಿನ ಗುಣ ಎಂದು ಎಣಿಸುತ್ತೇವೆ. ಒಳ್ಳೆಯವನು ಹೇಗೂ ಲೆಕ್ಕ ಇಡುತ್ತಾನೆ, ಕೆಟ್ಟವನು ಎಷ್ಟು ಹಣ ಕೊಟ್ಟರೂ ಇಡುವುದಿಲ್ಲ ಎನ್ನುತ್ತೇವೆ. ನನ್ನ ಅನುಭವ ಬೇರೆ ಹೇಳುತ್ತದೆ. ನಮ್ಮ ಲ್ಯಾಬಿನಲ್ಲಿ ಕೆಟ್ಟವರು ಇರಲಿಲ್ಲ. ಹೊತ್ತಿಲ್ಲದ ಒಳ್ಳೆಯವರಿದ್ದರು. ಹೊತ್ತನ್ನು ಕೊಡದೆ ಸತ್ಯವನ್ನು ಕೇಳುವುದು, ಅಕ್ಕಿ ಅಳೆಯದೆ ಅನ್ನ ಕೇಳಿದಂತೆ. ಹಾಗೆಂದು ಹಣ ಕೊಟ್ಟ ಮಾತ್ರಕ್ಕೆ ಸತ್ಯ ಬರುತ್ತದೆ ಎಂದೂ ಅಲ್ಲ. ರುಚಿ ನೋಡದೆಯೇ ಪುಸ್ತಕಕ್ಕೆ ಸಹಿ ಹಾಕುವ ಮಾಸ್ತರರೂ ಇದ್ದಾರೆ. ಆದರೆ ಪುಸ್ತಕವೂ ತುತ್ತೂ ಇದ್ದಾಗ ಸಹಿ ಹಾಕಿದವನನ್ನು ಕೇಳಬಹುದು. ಎರಡೂ ಇಲ್ಲದಿದ್ದಾಗ ಯಾರನ್ನು ಕೇಳುವುದು?

ಈ ವರ್ಷ ಹೊಸ ಅರ್ಜಿ ಬರೆದೆವು. ಅನುದಾನದ ನಮೂನೆಯಲ್ಲಿ ಸಿಬ್ಬಂದಿ, ಉಪಕರಣ, ಬಳಕೆ ಸಾಮಗ್ರಿ, ಪ್ರಯಾಣ, ಇತರೆ ಎಂದೆಲ್ಲ ಕಾಲಂಗಳಿವೆ, ಪರಿಶೀಲನೆಗೆ ಕಾಲಂ ಇಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2023ರಿಂದ ದತ್ತಾಂಶ ನಿರ್ವಹಣೆಯ ಯೋಜನೆಯನ್ನು ಕಡ್ಡಾಯ ಮಾಡಿ, ಅದರ ಖರ್ಚನ್ನು ಬಜೆಟ್ಟಿನಲ್ಲಿ ಕೇಳಲು ಬಿಟ್ಟಿದೆ. ಇಲ್ಲಿ ಹಾಗೆ ಕೇಳಬಾರದೆಂದೇನೂ ಇಲ್ಲ, ಆದ್ದರಿಂದ ಸಿಬ್ಬಂದಿಯ ಕಾಲಂನಲ್ಲೇ ಮೊದಲ ಸಾಲಾಗಿ ಬರೆದೆ. ಕಡತಗಳಿಗೆ ಎಲ್ಲ ಲ್ಯಾಬುಗಳಿಗೂ ತಿಳಿಯುವ ರೀತಿಯ ಹೆಸರು, ಕೋಡಿನ ಪ್ರತಿ ಬದಲಾವಣೆಯ ದಾಖಲೆ, ದತ್ತಾಂಶದ ಮೂರು ನಕಲು ಮತ್ತು ಅವುಗಳಲ್ಲಿ ಒಂದು ಬೇರೆ ಕಟ್ಟಡದಲ್ಲಿ, ಯಾರನ್ನು ಯಾಕೆ ಬಿಡುತ್ತೇವೆಂದು ವಿಶ್ಲೇಷಣೆಗೆ ಮೊದಲೇ ಬರೆದಿಟ್ಟ ನಿಯಮ. ಕೊನೆಯದಾಗಿ, ಪ್ರಬಂಧ ಕಳಿಸುವ ಮುನ್ನ ಅದರಲ್ಲಿ ಕೈಯಾಡಿಸದ ಒಬ್ಬರು ಮೊದಲಿನಿಂದ ಕೊನೆಯವರೆಗೆ ತಾವೇ ಮಾಡಿ ನೋಡಲು ಮೂರು ವಾರ. ಇದಕ್ಕಾಗಿ ಪ್ರಯಾಣದ ಹಣವನ್ನು ಅರ್ಧಕ್ಕೆ ಇಳಿಸಿದೆವು, 60 ಜನರ ಬದಲು 50 ಎಂದು ಬರೆದೆವು. ಹತ್ತು ಜನರನ್ನು ಬಿಡುವಾಗ ಸುಲಭವಾಗಿರಲಿಲ್ಲ, ಅದು ಸರಿಯೆಂದು ಈಗಲೂ ಪೂರ್ತಿ ಧೈರ್ಯದಿಂದ ಹೇಳಲಾರೆ. ಸಮಿತಿಯ ಎದುರು ಕೂತಾಗ ಒಬ್ಬರು ಆ ಮೊದಲ ಸಾಲಿನ ಮೇಲೆ ಬೆರಳಿಟ್ಟು, ಇದು ಅಗತ್ಯವೇ ಎಂದು ಕೇಳಿದರು. ಕೇಳಿದ್ದು ನ್ಯಾಯವೇ. ಹಳೆಯ ತಿದ್ದುಪಡಿಯ ಕತೆ ಹೇಳಿದೆ. ಉತ್ತರ ಇನ್ನೂ ಬಂದಿಲ್ಲ.

ಕಳೆದ ವಾರ ಅತ್ತೆ ಫೋನು ಮಾಡಿದ್ದಳು. ಮಾತಿನ ನಡುವೆ, ಈ ಸಲವೂ ಜನ ಬೇಕಾದರೆ ತಾನು ಬರುವೆ ಎಂದಳು. ಆಮೇಲೆ ಅವಳಿಗೇ ಏನೋ ನೆನಪಾಗಿ, “ಆದ್ರೆ ಪಟ್ಟಿ ಸರಿ ಇಟ್ಕಳಿ ಮತ್ತೆ” ಅಂದಳು. ಇಟ್ಟುಕೊಳ್ಳುತ್ತೇವೆ ಎಂದೆ.